ನಾಜೂಕವ್ವನ ಎಳ್ಳ ಅಮಾಸಿ

ನನ್ನ ದವಾಖಾನೆಯಲ್ಲಿ ಒಂದು ಬಿಸ್ಕೀಟಿನ ಡಬ್ಬಿ ಇದೆ. ಈಗ ಅದರಲ್ಲಿ ಹತ್ತಿ ಇಡುತ್ತೇನೆ. ಔಷಧಿ ಕಂಪನಿಯವರೊಬ್ಬರು ದೀಪಾವಳಿಗೆಂದು ತಂದುಕೊಟ್ಟಿದ್ದ ಬಿಸ್ಕೀಟುಗಳನ್ನು ದೀಪಾವಳಿಗೆ ಮುಂಚೆಯೇ ಮುಗಿಸಿದವರು ಹಲ್ಲಿನ ಡಾಕ್ಟರರು, ಅಂದರೆ ನಾನೇ. ಸಿಹಿ ತಿನ್ನಬೇಡಿ ಎಂದು ಬೆಳಗಿನಿಂದ ಊರಿಗೆಲ್ಲ ಉಪದೇಶ ಮಾಡುವ ಬಾಯಿಗೆ ಸಂಜೆಯಾದರೂ ಸ್ವಲ್ಪ ಸುಖ ಬೇಡವೇ? ಆ ಡಬ್ಬಿಯ ಮುಚ್ಚಳದ ಮೇಲೆ ಒಂದು ಚಿತ್ರ. ಹಸಿರು ಬಯಲು, ಗಿಡದ ನೆರಳು, ರೇಷ್ಮೆ ಲಂಗ ಹರಡಿಕೊಂಡು ಕೂತ ಒಬ್ಬ ಹೆಂಗಸು, ಪಕ್ಕದಲ್ಲಿ ಕೊಳಲು ಹಿಡಿದ ಗಂಡಸು, ಅವರ ಕಾಲ ಬಳಿ ಹಾಲಿನಂಥ ಕುರಿಗಳು.

ಕುರ್ಚಿಯಲ್ಲಿ ಒರಗಿ ಬಾಯಿ ತೆರೆದವರಿಗೆ ನೋಡಲು ಬೇರೆ ಏನೂ ಇರುವುದಿಲ್ಲ. ನನ್ನ ಮುಖ ನೋಡಿದರೆ ಭಯ, ಕೈ ನೋಡಿದರೆ ಇನ್ನೂ ಭಯ. ಹಾಗಾಗಿ ಬಹಳ ಜನ ಆ ಡಬ್ಬಿಯನ್ನೇ ನೋಡುತ್ತಾರೆ. ಮೊನ್ನೆ ಅಫಜಲಪುರ ತಾಲೂಕಿನ ಚೌಡಾಪುರದ ರೈತರೊಬ್ಬರು ದವಡೆ ಹಿಡಿದುಕೊಂಡು ಬಂದಿದ್ದರು. ಸೂಜಿ ಹಾಕಿ, ಮರಗಟ್ಟಲಿ ಎಂದು ಕೂಡಿಸಿದ್ದೆ. ಅರ್ಧ ಮರಗಟ್ಟಿದ ಬಾಯಲ್ಲೇ ಅವರು ಕೇಳಿದರು:

"ಡಾಕ್ಟರಬಾಯಿ, ಈ ಕುರಿ ಯಾವ ಸಾಬಣ ಹಚ್ಚಿ ತೊಳದಾರ್ರಿ? ನಮ್ಮವು ಹುಟ್ಟಿದ ದಿನ ಸುದ್ದಾ ಇಷ್ಟು ಬೆಳ್ಳಗ ಇರಂಗಿಲ್ಲ."

"ಇಂಥಾ ಕುರಿ ನಮ್ಮನ್ಯಾಗೂ ಇದ್ದುವ್ರಿ," ಎಂದೆ ನಾನು.

"ಎಲ್ಲಿ ಕಟ್ತಿದ್ರಿ ಅವನ್ನ?"

"ಗೋಡಿ ಮ್ಯಾಲ್ರಿ."

ಅವರು ನನ್ನನ್ನೊಮ್ಮೆ, ನನ್ನ ಕೈಯಲ್ಲಿದ್ದ ಇಕ್ಕಳವನ್ನೊಮ್ಮೆ ನೋಡಿ ದವಡೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ತಲೆ ನೆಟ್ಟಗಿಲ್ಲದವರ ಕೈಯಲ್ಲಿ ಹಲ್ಲು ಕೊಟ್ಟೆನಲ್ಲ ಎಂದುಕೊಂಡಿರಬೇಕು. ಆದರೆ ನಾನು ಹೇಳಿದ್ದು ನಿಜ.

ನಮ್ಮೂರು ಆಳಂದ ತಾಲೂಕಿನಲ್ಲಿ, ಕಿಣ್ಣಿ ಸುಲ್ತಾನದ ಆಚೆ. ಊರಿನ ನಡುವೆ ನಮ್ಮ ಗೌಡಕಿಯ ವಾಡೆ. ದೊಡ್ಡ ಕಲ್ಲಿನ ಗೋಡೆ, ಆನೆ ಹೋಗುವಷ್ಟು ಎತ್ತರದ ಬಾಗಿಲು. ಆನೆ ಎಂದೂ ಬರಲಿಲ್ಲ, ಬಂದದ್ದೆಲ್ಲ ಎಮ್ಮೆಗಳೇ. ನನ್ನ ಮುತ್ಯಾನ, ಅಂದರೆ ಅಜ್ಜನ, ಅಪ್ಪ ನಿಜಾಮರ ಕಾಲದಲ್ಲಿ ಗಂಟೆ ಬಾರಿಸುವ ಗೋಡೆ ಗಡಿಯಾರ ತರಲೆಂದು ಹೈದರಾಬಾದಿಗೆ ಹೋದರಂತೆ. ಆಳಂದದಲ್ಲಿ ಯಾರದೋ ಮನೆಯಲ್ಲಿ ಅಂಥದ್ದನ್ನು ಕಂಡು ಬಂದಾಗಿನಿಂದ ಅವರಿಗೆ ನಿದ್ದೆ ಹತ್ತಿರಲಿಲ್ಲ. ಹೈದರಾಬಾದಿನಲ್ಲಿ ಯಾರೋ ನವಾಬರ ದೇವಡಿ ಮನೆಯ ಸಾಮಾನು ಹರಾಜಿಗಿತ್ತು. ಗಡಿಯಾರ ಬೇರೆಯವರ ಪಾಲಾಯಿತು. ಬರಿಗೈಯಲ್ಲಿ ಊರಿಗೆ ಮರಳುವುದು ಗೌಡಕಿಗೆ ಕಡಿಮೆ ಎಂದು, ಅಲ್ಲಿ ಉಳಿದಿದ್ದ ಒಂದು ದೊಡ್ಡ ಚಿತ್ರವನ್ನು ಕಟ್ಟಿಸಿಕೊಂಡು ಬಂದರು. "ಗಡಿಯಾರ ತರ್ತೇನಿ ಅಂತ ಹೋದಾಂವ ಕುರಿ ತಂದ" ಎನ್ನುವುದು ನಮ್ಮ ಮನೆಯಲ್ಲಿ ಗಾದೆಯಾಯಿತು. ಸಂತೆಗೆ ಹೋಗಿ ಹೇಳಿದ್ದು ಬಿಟ್ಟು ಬೇರೇನೋ ತಂದವರಿಗೆಲ್ಲ ಅದೇ ಮಾತು. ನಮ್ಮಪ್ಪನಂತೂ ವಾರಕ್ಕೊಮ್ಮೆ ಕುರಿ ತರುತ್ತಿದ್ದರು.

ಚಿತ್ರ ಬಾಗಿಲಿನಷ್ಟು ಅಗಲ. ಅದರ ಚೌಕಟ್ಟು ಎಲ್ಲ ಚೌಕಟ್ಟುಗಳಂತೆ ನೆಟ್ಟಗಿರಲಿಲ್ಲ. ಮೇಲ್ಭಾಗ ಅಲೆಯಂತೆ ಬಾಗಿತ್ತು, ಅದಕ್ಕೆ ಬಂಗಾರದ ಬಣ್ಣ. ಒಳಗೆ ಗುಲಾಬಿ ರೇಷ್ಮೆಯ ಹೆಂಗಸು ಹುಲ್ಲಿನ ಮೇಲೆ ಕಾಲು ಮಡಚಿ ಕೂತಿದ್ದಳು. ಅವಳ ಮುಂದೆ ಬಿಳಿ ಅರಿವೆ ಹಾಸಿತ್ತು. ಅದರ ಮೇಲೆ ಒಂದು ಬುಟ್ಟಿ, ಅವಳ ಒಂದು ಕೈ ಆ ಬುಟ್ಟಿಯ ಕಡೆಗೆ. ಕೊಳಲಿನವನು ಗಿಡಕ್ಕೆ ಒರಗಿದ್ದ, ಅವನ ಕೋಲಿಗೂ ರಿಬ್ಬನ್ನು. ಕುರಿಗಳಲ್ಲಿ ಒಂದರ ಕೊರಳಿಗೆ ನೀಲಿ ರಿಬ್ಬನ್ನು. ದೂರದಲ್ಲಿ ಒಂದು ಮುರುಕು ಕಂಬ, ಅದರಾಚೆ ಆಕಾಶ.

ಮೊದಲು ಅದನ್ನು ದಿವಾನಖಾನೆಯಲ್ಲಿ, ಅಮಲ್ದಾರರು ಗಿಮಲ್ದಾರರು ಬಂದು ಕೂರುವಲ್ಲಿ ತೂಗುಹಾಕಿದ್ದರಂತೆ. ಆದರೆ ಆ ಹೆಂಗಸಿನ ಕೊರಳ ಕೆಳಗೆ ದರ್ಜಿ ಬಟ್ಟೆಯನ್ನು ಸ್ವಲ್ಪ ಉಳಿಸಿದ್ದ. ಒಮ್ಮೆ ದೊಡ್ಡ ಮಠದ ಸ್ವಾಮಿಗಳು ಪಾದಪೂಜೆಗೆ ದಯಮಾಡಿಸಿದರು. ಚಿತ್ರಕ್ಕೆ ಸರಿಯಾಗಿ ಎದುರಿಗೇ ಅವರಿಗೆ ಗದ್ದುಗೆ ಹಾಕಿದ್ದರು. ಸ್ವಾಮಿಗಳು ಪೂಜೆ ಮುಗಿಯುವವರೆಗೂ ಕಣ್ಣು ತೆರೆಯಲಿಲ್ಲ. ಎಂಥ ಧ್ಯಾನ ಎಂದು ಊರವರು ಕೈಮುಗಿದರು. ಯಾಕೆ ಕಣ್ಣು ಮುಚ್ಚಿದ್ದರು ಎಂದು ನಮ್ಮ ಮನೆಯವರಿಗೆ ಹೊಳೆದದ್ದು ಅವರು ಹೋದ ಮೇಲೆ. ಮರುದಿನವೇ ಚಿತ್ರ ಒಳಗೆ ಬಂತು, ಹೆಂಗಸರು ಕೂರುವ ನಡುಮನೆಯಲ್ಲಿ, ಅಡುಗೆಮನೆಗೆ ಹೋಗುವ ಬಾಗಿಲ ಮೇಲೆ. ಹೆಂಗಸರು ಹೆಂಗಸನ್ನು ನೋಡಿದರೆ ತಪ್ಪೇನಿಲ್ಲ ಎಂದು ಹಿರಿಯರ ತೀರ್ಮಾನ. ಹೀಗೆ ಅದು ನಮ್ಮ ಆಯಿಯ ಪಾಲಿಗೆ ಬಂತು.

ಆಯಿ ಎಂದರೆ ನನ್ನ ಅಪ್ಪನ ಅವ್ವ, ಮುತ್ಯಾನ ಹೆಂಡತಿ. ಆ ಹೆಂಗಸಿಗೆ ನಾಜೂಕವ್ವ ಎಂದು ಹೆಸರಿಟ್ಟವಳು ಅವಳೇ. "ಬಳ್ಳು ನೋಡ್ಬೇ ಆಕಿದು. ಈ ಬಳ್ಳಲೆ ಒಂದ ರೊಟ್ಟಿ ಬಡದಾಳಂದ್ರ ನಾ ನಂಬಂಗಿಲ್ಲ," ಎಂದು ಆ ಸಣ್ಣ ಬೆರಳುಗಳನ್ನು ತೋರಿಸುತ್ತಿದ್ದಳು. ಆದರೂ ಅವಳ ಮೇಲೆ ಆಯಿಗೆ ಕರುಳು ಬಹಳ. ಶುಕ್ರವಾರ ಶುಕ್ರವಾರ ದೇವರಿಗೆ ಹೂ ಏರಿಸಿ ಉಳಿದದ್ದನ್ನು ಆ ಚೌಕಟ್ಟಿನ ಕೆಳಗೆ ಸಿಗಿಸುತ್ತಿದ್ದಳು. ದೇವರೆಂದು ಅಲ್ಲ. ಮನೆಯಲ್ಲಿ ಒಬ್ಬ ಹೆಣ್ಣುಮಗಳು ಇದ್ದಾಳೆ, ಅವಳಿಗೊಂದು ಹೂ ಬೇಡವೇ ಎಂದು.

ಈಗ ಎಳ್ಳ ಅಮಾಸಿಯ ಮಾತು ಹೇಳಬೇಕು. ನಮ್ಮ ಕಡೆಯವರಿಗೆ ಹೇಳುವುದೇ ಬೇಡ; ಬೇರೆ ಕಡೆಯವರು ನೀವಾದರೆ ಕೇಳಿ. ಚಳಿಯ ನಡುವೆ ಬರುವ ಆ ಅಮಾವಾಸ್ಯೆಯ ದಿನ ನಮ್ಮ ಊರುಗಳಲ್ಲಿ ನಾಯಿ ಕೂಡ ಇರುವುದಿಲ್ಲ. ಎಲ್ಲರೂ ಹೊಲದಲ್ಲಿ. ಇದ್ದುದರಲ್ಲಿ ಒಳ್ಳೆಯ ಸೀರೆ, ಒಳ್ಳೆಯ ಧೋತ್ರ ಉಟ್ಟು, ಬುಟ್ಟಿ ಹೊತ್ತು, ಬಂಡಿ ಹೂಡಿ ಹೊರಡುತ್ತಾರೆ. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಗಡಿಗೆಯಲ್ಲಿ ಅಂಬಲಿ. ಎಲ್ಲಕ್ಕೂ ಮಿಗಿಲಾಗಿ ಭಜ್ಜಿ. ಎಣ್ಣೆಯಲ್ಲಿ ಕರಿಯುವ ಭಜಿಯಲ್ಲ ಅದು. ಹಸಿ ಅವರೆ, ಹಸಿ ಕಡಲೆ, ತೊಗರಿ, ಮೆಂತ್ಯೆ, ಹುಣಸೆ, ಆ ಹಂಗಾಮಿನಲ್ಲಿ ಭೂಮಿ ಏನೇನು ಕೊಟ್ಟಿದೆಯೋ ಎಲ್ಲ ಸೇರಿ ಕುದ್ದ ಗಟ್ಟಿ ಸಾರು. ಬೆಳೆಯ ನಡುವೆ ಐದು ಕಲ್ಲಿಟ್ಟು ಪೂಜೆ ಮಾಡಿ, ಭೂಮಿತಾಯಿಗೆ ಎಡೆ ಹಿಡಿದು, ಹೊಲದ ನಾಲ್ಕೂ ಕಡೆ ಅನ್ನ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗುತ್ತಾರೆ. ಅದೇ ಚರಗ. ಆಮೇಲೆ ಎಲ್ಲರೂ ಕೂತು ಉಣ್ಣುವುದು, ಮತ್ತೆ ಉಣ್ಣುವುದು, ಅಲ್ಲೇ ಮಲಗುವುದು.

ಇಡೀ ಊರು ಹೋಗುತ್ತಿತ್ತು. ವಾಡೆಯ ಹೆಂಗಸರು ಮಾತ್ರ ಹೋಗುತ್ತಿರಲಿಲ್ಲ. ವಾಡೇದ ಹೆಣ್ಮಕ್ಕಳು ಹೊಲ ತುಳಿಯಂಗಿಲ್ಲ ಎಂಬುದೊಂದು ರಿವಾಜು. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಯಾರಿಗೂ ತಿಳಿಯದು. ಮದುವೆ ಮುಂಜಿಗೆ ಹೋದರೂ ಪಡದಾ ಕಟ್ಟಿದ ಬಂಡಿಯಲ್ಲಿ ಹೋಗುತ್ತಿದ್ದರು. ಅಮಾಸಿಯ ಅಡುಗೆಯೆಲ್ಲ ಅವರದು, ಉಣ್ಣಲು ಹೊಲಕ್ಕೆ ಹೋಗುವವರು ಗಂಡಸರು, ಮಕ್ಕಳು, ಆಳುಮಕ್ಕಳು. ಬಂಡಿಗಳು ಹೋದ ಮೇಲೆ ಆಯಿ ನಡುಮನೆಯಲ್ಲಿ ಜಮಖಾನೆ ಹಾಸುತ್ತಿದ್ದಳು, ಸರಿಯಾಗಿ ಆ ಚಿತ್ರದ ಎದುರಿಗೆ. ಅಂಗಳದ ನಾಲ್ಕು ಮೂಲೆಗೆ ಸಣ್ಣ ದನಿಯಲ್ಲಿ ಹುಲ್ಲುಲ್ಲಿಗೋ ಎಂದು ಚರಗ ಚೆಲ್ಲಿ, ಎಲ್ಲ ಹೆಂಗಸರೂ ನಾಜೂಕವ್ವನ ಕಡೆ ಮುಖ ಮಾಡಿ ಕೂತು ಉಣ್ಣುತ್ತಿದ್ದರು. ಯಾಕೆಂದರೆ ಅವರ ಪ್ರಕಾರ ಆ ಚಿತ್ರವೇ ಎಳ್ಳ ಅಮಾಸಿ.

ಅದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಶ್ರೀಮಂತರ ಮನೆಯವರು ರೇಷ್ಮೆ ಉಟ್ಟುಕೊಂಡು ಹೊಲಕ್ಕೆ ಬಂದು ಹುಲ್ಲಿನಲ್ಲಿ ಕೂರುವುದು ವರ್ಷದಲ್ಲಿ ಬೇರೆ ಯಾವ ದಿನ? ಅರಿವೆ ಹಾಸಿದೆ, ಬುಟ್ಟಿ ಬಂದಿದೆ. ಚರಗ ಚೆಲ್ಲಬೇಕಾದ ಗಂಡಸು ಮಾತ್ರ ಕೆಲಸ ಬಿಟ್ಟು ಪಾವಾ ಊದುತ್ತ ನಿಂತಿದ್ದಾನೆ. "ಅದಕ್ಕ ಊಟ ಹೊತ್ತಾಗ್ಯದ," ಎನ್ನುತ್ತಿದ್ದಳು ಆಯಿ. "ನಾ ಲಗ್ನಾಗಿ ಬಂದಾಗಿಂದ ನೋಡಾಕತ್ತೇನಿ, ಬುಟ್ಟಿ ಮ್ಯಾಲ ಕೈ ಇಟ್ಟಾಕಿ ಇನ್ನಾ ಉಂಡಿಲ್ಲ." ನಮ್ಮವ್ವನಿಗೆ ಐದು ಕಲ್ಲು ಎಲ್ಲಿ ಎಂಬುದು ಚಿಂತೆ. ಮುರುಕು ಕಂಬದ ಹಿಂದೆ ಇರಬಹುದು ಎಂದು ಕೊನೆಗೆ ಒಪ್ಪಿಕೊಂಡಿದ್ದರು.

ಸಂಜೆ ಬಂಡಿಗಳು ಮರಳುತ್ತಿದ್ದವು. ಮುತ್ಯಾ ನಡುಮನೆಯ ಹೊಸ್ತಿಲ ಆಚೆಯೇ ನಿಂತು ಹಸಿ ಕಡಲೆ ಗಿಡದ ಒಂದು ಸಿವುಡನ್ನು ಆಯಿಯ ಕೈಗೆ ಕೊಟ್ಟು, "ಹೊಲ ಚಲೋ ಅದ," ಎನ್ನುತ್ತಿದ್ದ. ಆಯಿ ಅದನ್ನು ಸೆರಗಿನಲ್ಲಿ ತೆಗೆದುಕೊಳ್ಳುತ್ತಿದ್ದಳು. ಅಷ್ಟೇ. ವರ್ಷದ ಹೊಲದ ಸುದ್ದಿ ಒಳಗಿನವರಿಗೆ ಅಷ್ಟೇ ತಲುಪುತ್ತಿತ್ತು. ಆಯಿಯ ಲಗ್ನದಲ್ಲಿ ಅವಳ ಹೆಸರಿಗೇ ಬರೆದ ಹೊಲವೊಂದಿತ್ತು, ಹಳ್ಳದ ಆಚೆ. ಊರೆಲ್ಲ ಅದನ್ನು ಗೌಡತಿ ಹೊಲ ಎಂದೇ ಕರೆಯುತ್ತಿತ್ತು. ಗೌಡತಿ ಹೊಲವನ್ನು ಊರಲ್ಲಿ ನೋಡದೆ ಇದ್ದವಳು ಗೌಡತಿ ಒಬ್ಬಳೇ.

ಸಣ್ಣವಳಿದ್ದಾಗ ನಾನು ಬಂಡಿಯಲ್ಲಿ ಹೋಗುವ ಗುಂಪಿನವಳು. ಹೊಲ ಕಂಡು ನನಗೆ ಮೊದಲು ಆದದ್ದು ನಿರಾಶೆ. ಚಿತ್ರ ನೋಡಿಕೊಂಡು ಬೆಳೆದವಳಿಗೆ ಹೊಲದಲ್ಲಿ ಗುಲಾಬಿ ಮುಗಿಲು, ರಿಬ್ಬನ್ನಿನ ಕುರಿ ಇರಬೇಕಲ್ಲ? ಇದ್ದದ್ದು ಕರಿಮಣ್ಣು, ಜೋಳದ ದಂಟು, ಗೊಬ್ಬರಕ್ಕೆಂದು ಹಟ್ಟಿ ಹಾಕಿದ್ದ ಕುರಿಹಿಂಡು. ಮಣ್ಣು ಬಣ್ಣದ ಕುರಿಗಳು, ಮೈತುಂಬ ಮುಳ್ಳು. ಇದನ್ನು ತಿದ್ದಲೇಬೇಕೆಂದು ನಾನು ಶಾಲೆಯ ಕೆಂಪು ರಿಬ್ಬನ್ನು ಬಿಚ್ಚಿ ಒಂದು ಮರಿಯ ಕೊರಳಿಗೆ ಹೂವಿನ ಗಂಟು ಹಾಕಿದೆ. ಮರಿಯ ತಾಯಿ ಬಂದು ಮೂಸಿ ನೋಡಿ ರಿಬ್ಬನ್ನನ್ನು ತಿಂದಿತು. ಮರುದಿನ ಒಂದೇ ಜಡೆಗೆ ರಿಬ್ಬನ್ನು ಕಟ್ಟಿಕೊಂಡು ಶಾಲೆಗೆ ಹೋದೆ. ಇನ್ನೊಂದು ಎಲ್ಲಿ ಎಂದು ಕಲಿಸುವ ಬಾಯಾರು ಕೇಳಿದ್ದಕ್ಕೆ, "ಕುರಿ ತಿಂತ್ರಿ" ಎಂದೆ. ನನ್ನ ಜೀವನದಲ್ಲಿ ನಿಜ ಹೇಳಿ ಹೊಡೆಸಿಕೊಂಡ ಮೊದಲ ಸಲ ಅದು.

ಆಮೇಲೆ ನಾನು ದೊಡ್ಡವಳಾದೆ. ಆ ವರ್ಷದ ಅಮಾಸಿಗೆ ಬಂಡಿ ಹತ್ತಲು ಹೋದವಳನ್ನು ಅವ್ವ ಕೈಹಿಡಿದು ಒಳಗೆ ಕರೆತಂದಳು. ನಾನು ಅತ್ತು ಮನೆ ಮೇಲುಕೆಳಗು ಮಾಡಿದೆ. ಆಯಿ ನನ್ನ ಕಣ್ಣೀರು ಒರೆಸಿ, "ಅಳಬ್ಯಾಡ ನನ ತಂಗಿ. ನಾಜೂಕವ್ವನ ಎದುರಿಗಿ ಕೂಡು, ಜಾಗಾ ಬಿಟ್ಟೇನಿ," ಎಂದಳು. ಎಷ್ಟು ಪ್ರೀತಿಯಿಂದ ಹೇಳಿದಳೆಂದರೆ ನನಗೆ ಅವಳ ಮೇಲೆಯೇ ಸಿಟ್ಟು ಬಂತು. ಆ ದಿನ ನಾನು ಚಿತ್ರಕ್ಕೆ ಬೆನ್ನು ಹಾಕಿ ಉಂಡೆ.

ಇಷ್ಟರಲ್ಲಿ ನಮ್ಮ ಕಾಕಾನ ಲಗ್ನವಾಗಿ ಕಾಕಿ ಬಂದಳು. ಜೇವರ್ಗಿ ತಾಲೂಕಿನ ನೆಲೋಗಿಯವಳು. ಅವಳ ತವರು ವಾಡೆಯಲ್ಲ, ದುಡಿದು ಉಣ್ಣುವ ಒಕ್ಕಲು ಮನೆ. ಹುಲ್ಲುಲ್ಲಿಗೋ ಎಂದು ಅವಳು ಕೂಗಿದರೆ ಪಕ್ಕದ ಊರಿನ ಹೊಲದವರು ಓ ಎನ್ನುತ್ತಿದ್ದರಂತೆ. ಮೊದಲ ಅಮಾಸಿಗೆ ಚಿತ್ರದ ಎದುರು ಕೂತು ಎರಡು ತುತ್ತು ಉಂಡು ಅವಳು ಕೈ ತಡೆದಳು.

"ಯಾಕ, ಖಾರಾಗ್ಯದೇನು?" ಆಯಿ ಕೇಳಿದಳು.

"ಇಲ್ರಿ ಅತ್ತಿ. ಆದ್ರ ಇದು ಮನ್ಯಾಗಿನ ಭಜ್ಜಿ ಆತ್ರಿ. ಹೊಲದಾಗಿಂದು ಬ್ಯಾರೆ."

"ಅದ ಗಡಿಗ್ಯಾಗಿಂದ, ಅವರೂ ಅದನ್ನ ಒಯ್ದಾರ. ಬ್ಯಾರೆ ಹ್ಯಾಂಗ?"

ಕಾಕಿ ಯೋಚಿಸಿದಳು. "ಅದಕ್ಕ ಗಾಳಿ ಹತ್ತಬೇಕಾಕ್ಕದ್ರಿ," ಎಂದಳು.

ಎಲ್ಲರೂ ನಕ್ಕರು. ಆಯಿ ನಗಲಿಲ್ಲ. ಆ ವರ್ಷವೆಲ್ಲ ನಡುನಡುವೆ ಅವಳು ಕಾಕಿಯನ್ನು ಕೇಳುತ್ತಿದ್ದಳಂತೆ. ಜೋಳದಾಗ ಗಾಳಿ ಬಂದ್ರ ಸಪ್ಪಳ ಆಕ್ಕದೇನು? ಕಡ್ಲಿ ಎಲಿ ಹುಳಿ ಅಂತಾರಲ್ಲ, ಕೈಗಿ ಹತ್ತತದೇನು? ಮೊಮ್ಮಕ್ಕಳಿಗೆ ಕತೆ ಹೇಳಬೇಕಾದ ವಯಸ್ಸಿನಲ್ಲಿ ಅವಳು ಸೊಸೆಯಿಂದ ಹೊಲದ ಕತೆ ಕೇಳಿಸಿಕೊಳ್ಳುತ್ತಿದ್ದಳು.

ನಾನು ಆಗ ಹೈದರಾಬಾದಿನಲ್ಲಿ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದೆ. ಒಂದು ರವಿವಾರ ಗೆಳತಿಯರೊಡನೆ ಮ್ಯೂಸಿಯಮ್ಮಿಗೆ ಹೋದೆ. ಅಲ್ಲೊಂದು ಕೋಣೆ, ಫ್ರಾನ್ಸಿನ ಶ್ರೀಮಂತರ ಮನೆಯ ಹಾಗೆ ಸಜ್ಜು ಮಾಡಿದ್ದು. ಕೂರಲು ಮನಸ್ಸಾಗದಷ್ಟು ನಯವಾದ ಕುರ್ಚಿಗಳು, ಆಳೆತ್ತರದ ಕನ್ನಡಿಗಳು. ತಲೆ ಎತ್ತಿದರೆ ಬಾಗಿಲ ಮೇಲೆ ನಮ್ಮ ನಾಜೂಕವ್ವ! ಅವಳಲ್ಲ, ಅವಳ ಅಕ್ಕತಂಗಿಯರು. ಅದೇ ಅಲೆಯಂಥ ಚೌಕಟ್ಟು, ಅದೇ ಬುಟ್ಟಿ, ಅದೇ ತೊಳೆದ ಕುರಿ. ಪರಊರಲ್ಲಿ ತವರಿನವರನ್ನು ಕಂಡ ಹಾಗಾಗಿ ನನಗೆ ಕಣ್ಣು ತುಂಬಿತು. ಅಲ್ಲಿ ಕಾವಲಿಗಿದ್ದ ಮುದುಕರನ್ನು ಇವರೆಲ್ಲ ಯಾರು ಎಂದು ಕೇಳಿದೆ. ಅವರು ತಮ್ಮ ದಖನಿ ಮಾತಿನಲ್ಲಿ ಹೇಳಿದರು: "ಬಡೇ ಲೋಗಾಂ, ಬೇಟಿ. ಬಕರಿಯಾಂ ಚರಾನೇ ಕಾ ಶೌಕ್ ಥಾ, ಗೋಬರ್ ನಕ್ಕೋ ಥಾ." ದೊಡ್ಡ ಮಂದಿ, ಆಡು ಕುರಿ ಕಾಯುವ ಹುಚ್ಚಿತ್ತು, ಸಗಣಿ ಮಾತ್ರ ಬೇಡವಾಗಿತ್ತು. ಆ ದೇಶದ ಸರದಾರರು, ಸರದಾರರ ಹೆಂಡಂದಿರು ತಮ್ಮ ಹವೇಲಿಯ ಬಾಗಿಲ ಮೇಲೆ, ಮಂಚದ ಹಿಂದೆ, ಎಲ್ಲೆಂದರಲ್ಲಿ ಇಂಥ ಹೊಲ, ಹುಲ್ಲು, ಕುರುಬತಿಯರನ್ನು ಬರೆಸಿಕೊಳ್ಳುತ್ತಿದ್ದರು ಎಂದೂ ವಿವರಿಸಿದರು.

ಹೊಸದಾಗಿ ಏನಾದರೂ ತಿಳಿದರೆ ಅದನ್ನು ಮನೆಯವರ ತಲೆಗೆ ಕಟ್ಟದೆ ನನಗೆ ಉಂಡ ಅನ್ನ ಅರಗುವುದಿಲ್ಲ. ಆ ಸಲ ಅಮಾಸಿಗೆ ಊರಿಗೆ ಬಂದೆ. ಹಿಂದಿನ ದಿನ ಮಧ್ಯಾಹ್ನ ನಡುಮನೆಯಲ್ಲಿ ಹೆಂಗಸರೆಲ್ಲ ಕೂತು ಭಜ್ಜಿಗೆಂದು ಅವರೆಕಾಯಿ ಸುಲಿಯುತ್ತಿದ್ದರು. ಮುತ್ಯಾ ಸ್ಟೂಲಿನ ಮೇಲೆ ನಿಂತು ಮಲಮಲ್ ಅರಿವೆಯಿಂದ ಚಿತ್ರ ಒರೆಸುತ್ತಿದ್ದ. ಅದು ಪ್ರತಿ ವರ್ಷ ಅವನದೇ ಕೆಲಸ. ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ವಾಡೆಯಲ್ಲಿ ನೂರು ಕೆಲಸಕ್ಕೆ ಆಳುಗಳಿದ್ದರೂ ಇದಕ್ಕೆ ಮಾತ್ರ ಅವನೇ ಏರುತ್ತಿದ್ದ.

"ಆಯಿ, ಇದು ಎಳ್ಳ ಅಮಾಸಿ ಅಲ್ಲ," ಎಂದೆ ನಾನು. "ಫ್ರಾನ್ಸ್ ದೇಶದ ಚಿತ್ರ ಇದು."

"ಫ್ರಾನ್ಸದಾಗ ಅಮಾಸಿ ಬರಂಗಿಲ್ಲೇನು?" ಎಂದಳು ಕಾಕಿ.

ಹಲ್ಲಿನ ಬೇರುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿದ್ದ ನನಗೆ ಇದಕ್ಕೆ ಉತ್ತರ ತಿಳಿದಿರಲಿಲ್ಲ. ಆದರೂ ಬಿಡಲಿಲ್ಲ. ಮ್ಯೂಸಿಯಮ್ಮಿನ ಕೋಣೆ, ಕನ್ನಡಿ, ಬಾಗಿಲ ಮೇಲಿನ ಚಿತ್ರಗಳು, ಮುದುಕರು ಹೇಳಿದ್ದು, ಎಲ್ಲ ಒಪ್ಪಿಸಿದೆ. ನಾಜೂಕವ್ವ ಕುರುಬರವಳೂ ಅಲ್ಲ, ಒಕ್ಕಲಗಿತ್ತಿಯೂ ಅಲ್ಲ, ಅರಮನೆಯಂಥ ಮನೆಯವಳು, ಹೊಲಕ್ಕೆ ಹೋದವಳೇ ಅಲ್ಲ, ಸುಮ್ಮನೆ ಹಾಗೆ ಬರೆಸಿಕೊಂಡದ್ದು ಎಂದೆ. ಅವರೆಕಾಯಿ ಸುಲಿಯುವ ಸಪ್ಪಳ ನಿಂತಿತು. ಇಷ್ಟು ವರ್ಷ ಜೊತೆಗೆ ಉಂಡವಳ ಬಗ್ಗೆ ಹೀಗೆಲ್ಲ ಕೇಳಬೇಕಾಯಿತಲ್ಲ ಎಂದು ಎಲ್ಲರ ಮುಖವೂ ಸಣ್ಣದಾಯಿತು.

ಆಯಿ ಕೇಳಿದಳು: "ಅವರಿಗಿ ಸ್ವಂತ ಹೊಲ ಇದ್ದಿದ್ದಿಲ್ಲೇನ್ಬೇ?"

"ಇದ್ದುವು ಆಯಿ. ಊರಿಗಿ ಊರೇ ಅವರವಿದ್ದುವು."

"ಮತ್ತ ಹೊಲ ಇದ್ದಾಕಿ ಗೋಡಿ ಮ್ಯಾಲ ಯಾಕ ಬರಸ್ಕೊಂಡ್ಳು?"

ಮುದುಕರು ಅದನ್ನು ಹೇಳಿರಲಿಲ್ಲ. ಆಯಿ ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು.

"ದಿನಾ ಹೊಲಕ್ಕ ಹೋಗವರು ಹೊಲದ ಚಿತ್ರ ಯಾಕ ಬರಸ್ಕೋತಾರ? ಹೋಗಲಾರದವರು ಬರಸ್ಕೋತಾರ," ಎಂದಳು. "ಹೋಗಾಕ ಬಿಡ್ತಿದ್ದಿಲ್ಲ ಕಾಣಸ್ತದ ಪಾಪ. ಈಕಿದೂ ವಾಡೇನ."

ಫ್ರಾನ್ಸಿನ ಚರಿತ್ರೆ ಬಲ್ಲವರು ಇದನ್ನು ಒಪ್ಪಲಿಕ್ಕಿಲ್ಲ. ಅಲ್ಲಿಯ ಸರದಾರರ ಹೆಂಡಂದಿರು ಬಂಡಿ ಹತ್ತಿ ಎಲ್ಲೆಲ್ಲೋ ಹೋಗುತ್ತಿದ್ದರು ಎಂದು ಅವರು ಹೇಳಬಹುದು. ಹೇಳಲಿ. ಆ ಹೊತ್ತು ನಮ್ಮ ನಡುಮನೆಯಲ್ಲಿ ಕೂತಿದ್ದರೆ ಅವರೂ ಬಾಯಿ ತೆರೆಯುತ್ತಿರಲಿಲ್ಲ.

ಸ್ಟೂಲಿನ ಮೇಲಿದ್ದ ಮುತ್ಯಾನ ಒರೆಸುವ ಕೈ ನಿಂತಿತ್ತು. ಅವನು ತಿರುಗಿದ.

"ಯಾರಿಗಿ ಯಾರು ಹೋಗಾಕ ಬಿಟ್ಟಿಲ್ಲ? ನಾ ಎಂದಾದ್ರೂ ಬ್ಯಾಡ ಅಂದೇನೇನು?"

ಆಯಿ ತಲೆ ಎತ್ತದೆ ಹೇಳಿದಳು: "ನೀವು ಎಂದಾದ್ರೂ ಬಾ ಅಂದೀರೇನ್ರಿ?"

"ನೀ ಎಂದಾದ್ರೂ ಬರ್ತೇನಿ ಅಂದೀಯೇನು?"

ಮುತ್ಯಾ ಕೈಯಲ್ಲಿದ್ದ ಅರಿವೆಯನ್ನು ನೋಡಿದ, ಚಿತ್ರವನ್ನು ನೋಡಿದ. ಊರಿಗೆ ಊರೇ ಹೆದರುವ ಮನುಷ್ಯ, ಸ್ಟೂಲಿನ ಮೇಲೆ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ.

"ನನ್ನವ್ವನೂ ಇಲ್ಲೇ ಕೂಡ್ತಿದ್ಳು," ಎಂದ. "ನಿಮಗೆಲ್ಲ ಈ ಚಿತ್ರ ಅಂದ್ರ ಜೀವ ಅಂತ ತಿಳಕೊಂಡಿದ್ದೆ. ಹೊಲದಾಗಿನ ಧೂಳು, ಬಿಸಿಲು ನಿಮಗ ಸೇರಂಗಿಲ್ಲ, ಇಲ್ಲಿ ಕೂಡೂದ ಖುಷಿ ಅಂತ. ಅದಕ್ಕ ವರ್ಷಾ ವರ್ಷಾ ನಾನ ಒರಸ್ತಿದ್ದೆ. ನಿಮಗ ಚಂದ ಕಾಣಲಿ ಅಂತ."

ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಒಂದೇ ಸೂರಿನ ಕೆಳಗೆ ಒಂದು ಜೀವಮಾನ ಇದ್ದು, ಒಬ್ಬರು ಬೇಡ ಅನ್ನದೆ, ಒಬ್ಬರು ಬೇಕು ಅನ್ನದೆ, ಒಬ್ಬರು ಚಿತ್ರ ಒರೆಸುತ್ತ ಒಬ್ಬರು ಚಿತ್ರ ನೋಡುತ್ತ ಕಳೆದಿದ್ದರು. ಕಾಕಿ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತಿದ್ದಳು. ಅವಳನ್ನು ನೋಡಿ ನನಗೂ ನಗು ಬಂತು. ನಗುತ್ತ ನಗುತ್ತ ಅವ್ವ ಕಣ್ಣೊರೆಸಿಕೊಂಡಳು.

"ಹಂಗಾರ ನಾಳಿ ಬರ್ತೇನ್ರಿ," ಎಂದಳು ಆಯಿ.

"ಬಾ," ಎಂದ ಮುತ್ಯಾ. ಎಂದು ಸ್ಟೂಲಿನಿಂದ ಇಳಿದು ಹೊರಗೆ ಹೋದ.

ಮರುದಿನ ಆಯಿ ತನ್ನ ಹಸಿರು ಇಳಕಲ್ ಸೀರೆ ಉಟ್ಟಳು. ರೂಢಿಯಂತೆ ಆಳುಗಳು ಬಂಡಿಗೆ ಪಡದಾ ಕಟ್ಟಿದ್ದರು; ಬೇಡ ಎಂದು ಯಾರಿಗೂ ಹೊಳೆದಿರಲಿಲ್ಲ. ಊರ ಅಗಸಿ ಬಾಗಿಲು ದಾಟಿದ ಮೇಲೆ ಆಯಿ ತಾನೇ ಕೈಯೆತ್ತಿ ಪಡದಾ ಸರಿಸಿ ಬಂಡಿಯ ಗೂಟಕ್ಕೆ ಸಿಗಿಸಿದಳು. ಆಕಾಶ ಬೀಳಲಿಲ್ಲ. ದಾರಿಯಲ್ಲಿ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸರು, "ಬರ್ರಿ ಗೌಡತಿಯವರ, ಎಲ್ಲಿ ಇದ್ರಿ ಇಷ್ಟ ದಿನ?" ಎಂದು ಕೇಳಿ, ನಕ್ಕು, ಮುಂದೆ ಹೋದರು. ಅವರ ಬುಟ್ಟಿ ಭಾರವಿತ್ತು; ನಮ್ಮ ರಿವಾಜಿನ ಬಗ್ಗೆ ಯೋಚಿಸಲು ಅವರಿಗೆ ಪುರಸೊತ್ತಿರಲಿಲ್ಲ.

ಹಳ್ಳ ದಾಟಿ ಬಂಡಿ ನಿಂತಿತು. ಆಯಿ ಚಪ್ಪಲಿ ಬಿಟ್ಟು ಕೆಳಗಿಳಿದಳು. ಮುಂದೆ ಆಳೆತ್ತರದ ಜೋಳ, ಅದರ ಅಂಚಿಗೆ ಕಡಲೆ.

"ಎಲ್ಲಿ ತನಕ ನಂದು?" ಕೇಳಿದಳು.

"ಆ ಬೇವಿನ ಗಿಡದ ತನಕ," ಎಂದ ಮುತ್ಯಾ.

ಆಯಿ ನಡೆಯತೊಡಗಿದಳು. ಜೊತೆಗೆ ಹೊರಟ ಕಾಕಿಯನ್ನು ಕೈಸನ್ನೆಯಿಂದ ತಡೆದಳು. ಬದುವಿನ ಮೇಲೆ ಒಬ್ಬಳೇ, ಒಂದು ಕೈಯಲ್ಲಿ ಸೀರೆಯ ನಿರಿಗೆ ಹಿಡಿದು, ಇನ್ನೊಂದು ಕೈಯನ್ನು ಜೋಳದ ಎಲೆಗಳ ಮೇಲೆ ಆಡಿಸುತ್ತ ಹೋದಳು. ಹಸಿರು ಸೀರೆ ಹಸಿರಿನಲ್ಲಿ ಕೂಡಿ ಸ್ವಲ್ಪ ಹೊತ್ತು ಕಾಣದೆ ಹೋಯಿತು. ಪೂಜೆಯಾಗಿತ್ತು, ಹಸಿವು ಹೆಚ್ಚಾಗಿತ್ತು, ಯಾರೂ ಉಣ್ಣಲಿಲ್ಲ. ಮುತ್ಯಾ ಬೇವಿನ ಗಿಡದ ಕಡೆ ನೋಡುತ್ತ ಕೂತಿದ್ದ. ಅವಳು ಹೊಲವನ್ನು ಪೂರ್ತಿ ಸುತ್ತಿ ಇನ್ನೊಂದು ಕಡೆಯಿಂದ ಬಂದಳು. ಕಾಲೆಲ್ಲ ಮಣ್ಣು, ಕೈಯೆಲ್ಲ ಕಡಲೆಯ ಹುಳಿ. ಬೆರಳನ್ನು ಬಾಯಲ್ಲಿಟ್ಟು ಚೀಪಿ, "ಹೌದ್ಬೇ, ಹುಳಿನ ಅದ," ಎಂದು ಕಾಕಿಗೆ ಹೇಳಿದಳು.

ಚರಗವನ್ನು ಅವಳೇ ಚೆಲ್ಲಿದಳು. ಮೊದಲ ಹುಲ್ಲುಲ್ಲಿಗೋ ಅಂಗಳದ ದನಿಯಲ್ಲೇ ಬಂತು, ಪಕ್ಕದಲ್ಲಿದ್ದ ನಮಗೂ ಸರಿಯಾಗಿ ಕೇಳಲಿಲ್ಲ. ಕಾಕಿ ನೆಲೋಗಿಯ ದನಿ ತೆಗೆದು ತೋರಿಸಿದಳು. ಮೂರನೆಯದಕ್ಕೆ ಆಯಿಯ ದನಿಯೂ ಹಳ್ಳ ದಾಟಿತು. ಆಚೆ ಹೊಲದಿಂದ ಯಾರೋ ಓ ಎಂದರು.

ಭಜ್ಜಿ ಬಡಿಸಿದ ಕಾಕಿ ಎದುರಿಗೇ ಕೂತು ಅವಳ ಬಾಯನ್ನೇ ನೋಡುತ್ತಿದ್ದಳು. "ಹ್ಯಾಂಗ ಅದರಿ ಅತ್ತಿ?"

"ಉಪ್ಪು ಕಡಿಮಿ ಆಗ್ಯದ," ಎಂದಳು ಆಯಿ. ಎಂದು ಮತ್ತೊಮ್ಮೆ ಹಾಕಿಸಿಕೊಂಡಳು. ಆಮೇಲೆ ಮತ್ತೊಮ್ಮೆ. ಈಗ ಅವಳಿಗೆ ನಾನೇ ಮಾಡಿಕೊಟ್ಟ ಹಲ್ಲಿನ ಸೆಟ್ಟು ಇದೆ. ಪ್ರತಿ ಅಮಾಸಿಗೆ ಹೊಲದಲ್ಲಿ ಕೂತೊಡನೆ ಅದನ್ನು ತೆಗೆದು ನನ್ನ ಕೈಗೆ ಕೊಟ್ಟುಬಿಡುತ್ತಾಳೆ. ಅದನ್ನು ಹಾಕಿಕೊಂಡು ಉಂಡರೆ ಗಾಳಿಯ ರುಚಿ ಹತ್ತುವುದಿಲ್ಲವಂತೆ. ನನ್ನ ವಿದ್ಯೆಗೆ ನಮ್ಮ ಮನೆಯಲ್ಲಿ ಇರುವ ಕಿಮ್ಮತ್ತು ಇಷ್ಟು.

ಆ ದಿನ ಸಂಜೆ ಬಂಡಿಗಳು ವಾಡೆಗೆ ಮರಳಿದವು. ಬುಟ್ಟಿ ಗಡಿಗೆ ಇಳಿಸುವ ಗಲಾಟೆಯಲ್ಲಿ ನಾವೆಲ್ಲ ಇದ್ದೆವು. ಮುತ್ಯಾ ರೂಢಿಯ ಮೇಲೆ ಕಡಲೆ ಗಿಡದ ಸಿವುಡು ಹಿಡಿದು ನಡುಮನೆಯ ಹೊಸ್ತಿಲಿಗೆ ಬಂದು ನಿಂತುಬಿಟ್ಟ. ಕೊಡುವುದು ಯಾರಿಗೆ? ತೆಗೆದುಕೊಳ್ಳಬೇಕಾದವಳು ಅವನ ಹಿಂದೆಯೇ ಬಂದಿದ್ದಳು. ಆಯಿ ಅವನ ಕೈಯಿಂದ ಸಿವುಡು ತೆಗೆದುಕೊಂಡು ಒಳಗೆ ಹೋಗಿ, ನಿನ್ನೆಯಿಂದ ಅಲ್ಲೇ ಇದ್ದ ಸ್ಟೂಲನ್ನು ತೋರಿಸಿದಳು.

"ಇದನ್ನಷ್ಟು ಹಿಡೀರಿ."

ಮುತ್ಯಾ ಎರಡೂ ಕೈಯಿಂದ ಸ್ಟೂಲು ಹಿಡಿದ. ಆಯಿ ಏರಿ ನಿಂತಳು. ಕಾಲಿನ ಮಣ್ಣು ಇನ್ನೂ ಒಣಗಿರಲಿಲ್ಲ. ಆ ಬಂಗಾರದ ಚೌಕಟ್ಟಿನ ಸಂದಿಗೆ, ನಾಜೂಕವ್ವನ ಕೈಗೆ ಸಿಗುವ ಹಾಗೆ, ಹಸಿ ಕಡಲೆಯ ಗಿಡ ಸಿಗಿಸಿದಳು. ಅವಳ ಮುಖವನ್ನು ಹತ್ತಿರದಿಂದ ನೋಡಿದಳು. ಆಮೇಲೆ, ಪ್ರತಿ ವರ್ಷ ತಾನು ಆ ಹೊಸ್ತಿಲಲ್ಲಿ ಕೇಳಿಸಿಕೊಂಡ ಮಾತನ್ನೇ ಅವಳಿಗೆ ಹೇಳಿದಳು:

"ಹೊಲ ಚಲೋ ಅದ ಬೇ."